ರಾತ್ರಿ ಪಾಳಿ, ಮಲ್ಪೆ

ಇಲ್ಲಿ ಐಸೆಂದರೆ ಬಂಗುಡೆಯ ಹಾಸಿಗೆ,
ಕೊಕ್ಕೆ, ದಿಮ್ಮಿ, ಅಮೋನಿಯದ ಘಾಟು.
ಕುಟ್ಟುವ ಯಂತ್ರ ನಿಂತ ಗಳಿಗೆ ವಾಮನ ಕುಂದರ್
ಮೊಬೈಲನ್ನು ಉಪ್ಪಿನ ಚೀಲಕ್ಕೆ ಒರಗಿಸಿದ.

ಎಲ್ಲೋ ಚಳಿದೇಶದಲ್ಲಿ ಹಿರಿಯರದು ಮುಗಿದು
ಕಿರಿಯರ ಸರದಿ. ತಂಗಿಮಗಳು ರಶ್ಮಿತಾ,
ಕಲ್ಮಾಡಿಯ ಕಲ್ಯಾಣಮಂಟಪದ ಅಂಗಳದಲ್ಲಿ
ನಾಲ್ಕು ಜೊತೆ ಗಾಲಿ ಸವೆಸಿದವಳು,
ಈಗ ಗಾಲಿಯಿಲ್ಲದೆ, ಒಂದು ಅಲಗಿನ ಮೇಲೆ.

ಎರಡನೇ ಜಿಗಿತಕ್ಕೆ ಬಿದ್ದಳು.
ತೊಡೆಗೆ ಮೆತ್ತಿದ ಬಿಳಿ ಪುಡಿ.
ಇಪ್ಪತ್ತೆರಡು ವರ್ಷ ಅವನ ಲುಂಗಿಗೆ ಅಂಟಿದ್ದೂ ಅದೇ,
ಬೆರಳು ಮರಗಟ್ಟಿಸಿದ್ದೂ.
“ಏಳು ಮಾರಾಯ್ತಿ, ಕೂತ್ರೆ ಸುಡ್ತದೆ ಅದು.”

ಎದ್ದಳು. ತಿರುಗಿದಳು, ತಿರುಗಿದಳು,
ಕೈ ಎದೆಗೊತ್ತಿ ಸಣ್ಣಗಾದಳು;
ಅಂಕ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗಿ
ಪರದೆಯ ನಡುವೆ ಪುಟ್ಟ ಬಳೆಯೊಂದು
ಅವಳ ಹಾಗೇ ಸುತ್ತುತ್ತ ನಿಂತಿತು.

ಹೊರಗೆ ಬೋಟಿನವರ ಕೂಗು: “ಐಸ್! ಐಸ್!”
ಕೊಕ್ಕೆ ಹಾಕಿದ.
ದಿಮ್ಮಿ ಜಾರಿತು, ಚೆಂದ ಜಾರಿತು.