ಇಳಿತದ ಗೆರೆ

ನೀರು ಅತಿ ಕೆಳಗಿಳಿಯುವುದು ಬೆಳಗಿನ ನಾಲ್ಕು ಐವತ್ತಕ್ಕೆ
ಎಂದು ಪಟ್ಟಿಯಲ್ಲಿತ್ತು. ನಾಲ್ಕೂವರೆಗೇ ಹೊರಟೆವು:
ನಾನು, ಹೆಗಲ ಮೇಲೆ ಮುಕ್ಕಾಲಿಯ ಅಳತೆಯಂತ್ರ,
ಹೇಗ್‌ನಿಂದ ಬಂದಿದ್ದ ವಕೀಲೆ ಫೆಂಕೆ, ಹೊಚ್ಚಹೊಸ ರಬ್ಬರ್ ಬೂಟು,
ದಾರಿ ತೋರಿಸಲು ಲಿಜಿಬೋ, ಬರಿಗಾಲು.

ಮಜುರೋದ ಈ ತುದಿಯಲ್ಲಿ ನೆಲವೆಂದರೆ
ಎರಡು ನೀರಿನ ನಡುವೆ ಯಾರೋ ಮರೆತುಹೋದ ಹಗ್ಗ.
ಗಾಳಿ ಜೋರಿದ್ದರೆ ಈ ದಂಡೆಯ ಸೀನು
ಆ ದಂಡೆಗೆ ಬೀಳುತ್ತದೆಂದು ನನ್ನಜ್ಜ ನಗುತ್ತಿದ್ದ.

ಕಾನೂನು ಹೇಳುವುದು ಇಷ್ಟೆ:
ಇಳಿದ ನೀರು ಹವಳದ ಅಂಚಿನಲ್ಲಿ ಎಲ್ಲಿ ನಿಂತಿತೋ
ಅಲ್ಲಿಂದ ಎಣಿಸು. ಹನ್ನೆರಡು ಮೈಲಿ. ಆಮೇಲೆ ಇನ್ನೂರು.
ಅಷ್ಟರೊಳಗೆ ಈಜುವ ಟ್ಯೂನಾ ನಮ್ಮದು.
ಆ ಮೀನಿನ ಪರವಾನಗಿ ದುಡ್ಡಲ್ಲೇ
ಶಾಲೆಯ ಸೀಮೆಸುಣ್ಣ, ನನ್ನ ಸಂಬಳ.

ಅಂಚಿನಲ್ಲಿ ಒಂದು ಕಲ್ಲಿತ್ತು.
ಸಿಮೆಂಟಿನದು, ಒಂದು ಮೂಲೆ ಮುಕ್ಕಾಗಿ,
ಮೇಲೆ ಪಾಚಿ, ಪಾಚಿಯಡಿ ಅಕ್ಷರ.
ಲಿಜಿಬೋ ಕೂತು ಹೆಬ್ಬೆರಳಲ್ಲಿ ಉಜ್ಜಿದಳು:
ಲಿರೋಕ್. ಅವಳ ತಾಯಿ.
ಮೂರು ವರ್ಷದ ಕೆಳಗೆ ಒಂದು ರಾತ್ರಿ ಅಲೆ ಸ್ಮಶಾನಕ್ಕೆ ನುಗ್ಗಿ
ಹಾಸುಗಲ್ಲನ್ನು ಇಷ್ಟು ದೂರ ಹೊತ್ತು ತಂದಿತ್ತು.
ಕಲ್ಲು ಸಿಕ್ಕಿತು. ಮಿಕ್ಕಿದ್ದು ಸಿಗಲಿಲ್ಲ.

ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ.
ಅದಕ್ಕೇ ಲಿಜಿಬೋ ಕೇಳಿದ್ದರಲ್ಲಿ ವಿಶೇಷವೇನಿರಲಿಲ್ಲ:
‘ಕೋಲನ್ನು ಇವಳ ಮೇಲಿಡು ಮಗಾ.
ದೇಶ ಇವಳಿಂದ ಶುರುವಾಗಲಿ.’

ಫೆಂಕೆ ಮೆಲ್ಲಗೆ ಹೇಳಿದಳು, ಮನಸ್ಸಿಲ್ಲದ ಮನಸ್ಸಲ್ಲಿ:
‘ಆಗುವುದಿಲ್ಲ ಅಮ್ಮಾ. ಮನುಷ್ಯ ಮಾಡಿದ ಕಲ್ಲು ಲೆಕ್ಕಕ್ಕಿಲ್ಲ.
ನೈಸರ್ಗಿಕವಾಗಿರಬೇಕು.’
ನಾನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವಾಗ
ನಾಲಿಗೆ ಎರಡು ಸಲ ತೊಡರಿತು.

ಲಿಜಿಬೋ ಸ್ವಲ್ಪ ಹೊತ್ತು ಸುಮ್ಮನಿದ್ದಳು.
‘ಕಲ್ಲನ್ನು ಮಾಡಿದ್ದು ನನ್ನ ತಮ್ಮ. ಒಪ್ಪಿದೆ.
ಇಲ್ಲಿಗೆ ತಂದಿದ್ದು ಯಾರು?’
‘ಕಡಲು.’
‘ಕಡಲನ್ನು ಎಬ್ಬಿಸಿದ್ದು?
ಅದೂ ಮನುಷ್ಯನೇ ಅಂತಲ್ಲವಾ
ನೀವು ಅಲ್ಲಿ ಹೋಗಿ ವಾದ ಮಾಡೋದು?’

ಬೂಟಿನೊಳಗೆ ನೀರು ಸೇರಿತ್ತು. ಫೆಂಕೆ ಪೆನ್ನು ಮುಚ್ಚಿದಳು,
ಮತ್ತೆ ತೆಗೆದಳು, ಬರೆದುಕೊಂಡಳು.
ನಾನು ಕೋಲನ್ನು ಕಲ್ಲಿನ ಪಕ್ಕಕ್ಕೆ ಊರಿದೆ,
ಒಂದು ಗೇಣು ಆಚೆ, ಜೀವಂತ ಹವಳದ ಮೇಲೆ.

ಹೇಗ್‌ನಲ್ಲಿ ನನಗೆ ಕೊನೆಯ ಸಾಲು ಸಿಕ್ಕಿತು.
ಎತ್ತರದ ಕಿಟಕಿ, ಕಪ್ಪು ನಿಲುವಂಗಿ, ಯಾರೂ ಕೆಮ್ಮದ ಮೌನ.
ದೊಡ್ಡ ದೇಶವೊಂದರ ವಕೀಲ ‘ತಕ್ಕಷ್ಟು ಎಚ್ಚರ’ ಎಂಬೆರಡು ಮಾತಿನ ಮೇಲೆ
ನಲವತ್ತು ನಿಮಿಷ ನಿಂತ. ಸಭ್ಯ ಮನುಷ್ಯ.
ಯಾವ ಚಿಮಣಿಯ ಹೊಗೆ ಯಾವ ಅಲೆಯಾಯಿತೆಂದು
ಗುರುತು ಹಿಡಿಯುವುದು ಹೇಗೆ, ಎಂದು ಕೇಳಿ
ಒಂದು ಗುಟುಕು ನೀರು ಕುಡಿದ.
ನಾನು ಅವನ ಲೋಟವನ್ನೇ ನೋಡುತ್ತಿದ್ದೆ:
ನೀರು ಎಲ್ಲಿಯವರೆಗೆ ಇಳಿಯಿತು, ಎಲ್ಲಿ ನಿಂತಿತು.
ಕಸುಬು ಬಿಡುವುದಿಲ್ಲ.

ಊರಿಗೆ ಬಂದು ಪಟ್ಟಿ ಮುಗಿಸಿದೆ. ಅಕ್ಷಾಂಶ, ರೇಖಾಂಶ,
ದಶಮಾಂಶದ ಆಚೆ ಐದು ಅಂಕಿ.
ಇನ್ನು ಕಡಲು ಏರಲಿ ಬಿಡಲಿ, ಈ ಅಂಕಿ ಅಲುಗುವುದಿಲ್ಲ,
ಹಾಗೆಂದು ನಮ್ಮ ಸರ್ಕಾರದ ನಿಲುವು.
ಲಿಜಿಬೋಗೆ ವಿವರಿಸಿದಾಗ ನಕ್ಕಳು:
‘ಅಂದರೆ ದ್ವೀಪ ಹೋಗುತ್ತೆ, ಬೇಲಿ ಇರುತ್ತೆ.’
ಹೌದೆಂದೆ. ಬೇರೇನು ಹೇಳಲಿ?
‘ಹಾಗಾದರೆ ಹೆಸರಾದರೂ ಬರಿ.’

ಹೆಸರಿಗೆ ಕಾಲಂ ಇರಲಿಲ್ಲ. ಷರಾ ಎಂಬುದೊಂದಿತ್ತು.
ಕ್ರಮಸಂಖ್ಯೆ ನಲವತ್ತೊಂದರ ಎದುರು ಬರೆದೆ:
ಪಕ್ಕದಲ್ಲಿ ಕಲ್ಲು. ನೈಸರ್ಗಿಕವಲ್ಲ. ಲಿರೋಕ್.

ಮೊನ್ನೆ ನ್ಯೂಯಾರ್ಕಿನಿಂದ ಪತ್ರ:
ನಲವತ್ತೊಂದರ ಷರಾ ಅರ್ಥವಾಗಲಿಲ್ಲ, ದಯವಿಟ್ಟು ಸ್ಪಷ್ಟಪಡಿಸಿ.

ಇವತ್ತಿನ ಇಳಿತ ಸಂಜೆ ಐದೂ ಹತ್ತಕ್ಕೆ.
ಲಿಜಿಬೋಗೆ ಹೇಳಿಕಳಿಸಿದ್ದೇನೆ.