ತೊಗಟೆಬಟ್ಟೆ

ಹಾಅಪೈ ದ್ವೀಪದಲ್ಲಿ ಬೆಳಕು ಹರಿಯುವ ಮೊದಲೇ
ಕೊಡತಿಯ ಸದ್ದು. ಲೆಸೀಲಿಯದು ಬಿರುಸು,
ವೈಯೋಲಾಳದು ತುಸು ಕುಂಟು,
ಹೆರಿಗೆಯಾಗಿ ನಲವತ್ತೇ ದಿನ.
ನನ್ನದು ತಾಳ ತಪ್ಪುತ್ತದೆ. ಯಾರೂ ಬೈಯುವುದಿಲ್ಲ,
ಕಾಯುತ್ತಾರೆ.

ಅಂಗೈಯಗಲದ ಹಿಪ್ಪುನೇರಳೆ ತೊಗಟೆ
ಬಡಿದಷ್ಟೂ ಹಿಗ್ಗುತ್ತದೆ.
ಪೆಟ್ಟು ತಿಂದು ಹಿಗ್ಗುವುದು!
ಅತ್ತೆ ನಕ್ಕು ಮತ್ತೆ ಕೈಯೆತ್ತಿದಳು.

ಈಸ್ಟರಿಗೆ ಪೀಠದ ಮೇಲೆ ಹಾಸಬೇಕು ಇದನ್ನು.
"ನಡುವೆ ದೊಡ್ಡದೊಂದು ಶಿಲುಬೆ ಬರೆಯಿರಿ"
ಅಂದರು ಹೊಸ ಪಾದ್ರಿ,
ಕಾಗದದಲ್ಲಿ ಅಳತೆ ಹಾಕಿ ತಂದು.
ಅಜ್ಜಿ ಫೀಫಿತಾ ಮರಗೆಣಸಿನ ಅಂಟು ಮೆತ್ತಿದ ಬೆರಳಲ್ಲೇ
ಒಂದು ಹಾಳೆ ಎತ್ತಿ ಬಿಸಿಲಿಗೆ ಹಿಡಿದಳು:
ಕೆಳಪದರ ಉದ್ದಕ್ಕೆ, ಮೇಲ್ಪದರ ಅಡ್ಡಕ್ಕೆ,
ನಾರಿನ ಮೇಲೆ ನಾರು.
"ಸಾವಿರ ಇವೆಯಲ್ಲ, ಫಾದರ್.
ಇಲ್ಲದಿದ್ದರೆ ಹರಿದುಹೋಗುತ್ತದೆ."

ಪಾದ್ರಿ ಕಾಗದ ಮಡಿಚಿದರು.
ನಾವು ಮೀನು ಬರೆದೆವು. ಹೋದ ವರ್ಷದ
ಚಂಡಮಾರುತ ಕೊಂಡೊಯ್ದ ಏಳು ದೋಣಿಗಳನ್ನು
ಕಂದು ಬಣ್ಣದಲ್ಲಿ ದಡಕ್ಕೆ ಕರೆತಂದೆವು.

ಮೂಲೆಯಲ್ಲೊಂದು ತೂತು ಉಳಿದಿದೆ.
ತೇಪೆ ಹಚ್ಚೋಣವೆಂದರೆ
ವೈಯೋಲಾಳ ಹಿರಿಮಗಳು ಬಿಡುತ್ತಿಲ್ಲ,
ಅದಕ್ಕೆ ಕಣ್ಣಿಟ್ಟು
ನಮ್ಮನ್ನೆಲ್ಲ ಎಣಿಸುತ್ತಿದ್ದಾಳೆ.