ಊಟದ ಹೊತ್ತಿನ ಸದ್ದು

ಮಾಚೇನಹಳ್ಳಿಯ ನಮ್ಮ ಫೌಂಡ್ರಿಗೆ
ಮೂರು ತಿಂಗಳ ಮಟ್ಟಿಗೆ ಬಂದವಳು ಪ್ರಿಸಿಲ್ಲಾ.
ಶಂಕರಘಟ್ಟದಲ್ಲಿ ಎಂ.ಎಸ್ಸಿ., ಕೊನೆಯ ವರ್ಷ.
'ಫೆಲೋ ಒಬ್ಬರು ಬರ್ತಾರೆ ಪಾಲಾಕ್ಷಪ್ಪ, ಸುಸ್ಥಿರತೆ ವಿಷಯ,
ನಿಮ್ಮ ಕಡೆಯೇ ಒಂದು ಜಾಗ ಮಾಡಿ' ಅಂದಿದ್ದರು ಮ್ಯಾನೇಜರು.
ಫೆಲೋ ಅಂದರೆ ಗಂಡಸು ಅಂದುಕೊಂಡು
ನನ್ನದೇ ಲಾಕರಿನಲ್ಲಿ ಅರ್ಧ ಖಾಲಿ ಮಾಡಿಟ್ಟಿದ್ದೆ.

ಪ್ಯಾಟರ್ನ್ ಸ್ಟೋರಿನ ಮೂಲೆಯಲ್ಲಿ ಮೇಜು ಸಿಕ್ಕಿತು,
ಕುರ್ಚಿಯೂ. ಅದರ ಒಂದು ಕಾಲು ಗಿಡ್ಡ.
ಬೇರಿಂಗ್ ಡಬ್ಬಿಯ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟೆ.
ಕೂತು ನೋಡಿ, 'ಈಗ ಸುಸ್ಥಿರ' ಎಂದಳು.
ಆ ಪದ ಅವತ್ತಿಗೆ ನನಗೆ ಅರ್ಥವಾದದ್ದು ಅಷ್ಟೇ.

ಹಗಲಲ್ಲೂ ಈ ದೀಪ ಯಾಕೆ?
ಮೊದಲಿಂದ ಹಾಗೇ ಇದೆಯಮ್ಮ.
ತಣಿಸಿದ ನೀರು ಚರಂಡಿಗೆ ಯಾಕೆ?
ಮೊದಲಿಂದ.
ಊಟಕ್ಕೆ ಎಲ್ಲ ಯಂತ್ರ ನಿಲ್ಲುತ್ತವಲ್ಲ ಅಂಕಲ್,
ಕಂಪ್ರೆಸರ್ ಮಾತ್ರ ಯಾರಿಗೋಸ್ಕರ ಓಡ್ತಿದೆ?

ಬಾಯಲ್ಲಿ ರೊಟ್ಟಿ ಇತ್ತು, ಉತ್ತರ ಇರಲಿಲ್ಲ.
ಹದಿನೆಂಟು ವರ್ಷ ಆ ಸದ್ದಿನ ಕೆಳಗೇ ಉಂಡಿದ್ದೇನೆ
ಅದಕ್ಕೇ ನಿಶ್ಶಬ್ದ ಅಂತ ಹೆಸರಿಟ್ಟುಕೊಂಡು.

ಭಾನುವಾರ ಫರ್ನೇಸು ತಣ್ಣಗಿರುತ್ತದೆ.
ಅವಳು ಬಂದಳು, ಒಂದು ಲೋಟ ಸೋಪಿನ ನೊರೆ,
ಅವಳಪ್ಪನ ಹಳೆಯ ಶೇವಿಂಗ್ ಬ್ರಷ್ಷು.
ಸಾಗರದಲ್ಲಿ ಸೈಕಲ್ ಶಾಪ್ ಅವರದು;
ಟ್ಯೂಬು ನೀರಿನೊಳಗೆ ಸುಳ್ಳು ಹೇಳೋದಿಲ್ಲ, ಅನ್ನುತ್ತಾರಂತೆ.
ಪೈಪಿನ ಒಂದೊಂದು ಕೀಲಿಗೂ ನೊರೆ ಬಳಿದಳು,
ಗಡ್ಡ ಹೆರೆಯಲು ಕೂರಿಸಿಕೊಂಡವಳ ಹಾಗೆ.
ಗುಳ್ಳೆ ಎದ್ದಲ್ಲೆಲ್ಲ ಕೆಂಪು ಟೇಪು.
ಸಂಜೆಗೆ ನಲವತ್ತೊಂದು.
'ಹರಕೆ ಮರ ಮಾಡಿಬಿಟ್ಯಲ್ಲೇ ತಾಯಿ' ಅಂದ
ಏಣಿ ಹಿಡಿದಿದ್ದ ಫಿಟ್ಟರ್ ಹಾಲೇಶಪ್ಪ.

ದಿನಕ್ಕೆ ನೂರ ಎಂಬತ್ತು ಯೂನಿಟ್ಟು, ಬರೀ ಗಾಳಿಗೆ.
ನಮ್ಮ ಮನೆಗೆ ಅದು ಎರಡೂವರೆ ತಿಂಗಳ ಕರೆಂಟು.
ಬಿಲ್ಲು ನನ್ನದಲ್ಲ, ಆದರೂ
ಅವತ್ತು ರಾತ್ರಿ ಬಚ್ಚಲ ದೀಪ ಆರಿಸಲು ಎರಡು ಸಲ ಎದ್ದೆ.

ವಾಷರು, ಕ್ಲಾಂಪು, ದಾರದ ಟೇಪು.
ಮೂವತ್ತೆರಡು ನಾವೇ ಮುಚ್ಚಿದೆವು.
ಉಳಿದ ಒಂಬತ್ತು ಹಳೇ ಲೈನಿನವು, ಪೈಪೇ ಬದಲಾಗಬೇಕು.
'ಮುಂದಿನ ಬಜೆಟ್ಟಿನಲ್ಲಿ ನೋಡೋಣ.'
ನೋಡಿದ್ದು ಹಾಲೇಶಪ್ಪ, ಸ್ಕ್ರ್ಯಾಪಿನ ರಾಶಿಯಲ್ಲಿ;
ಒಂದು ವಾಲ್ವು ತಂದು ಲೈನಿನ ಬಾಯಿಗೆ ಕೂರಿಸಿದ.
ಊಟಕ್ಕೆ ಹೋಗುವವನು ತಿರುಗಿಸಿ ಹೋಗಬೇಕು,
ಮನೆ ಬಾಗಿಲು ಎಳೆದುಕೊಂಡು ಹೋಗುವ ಹಾಗೆ.

ಆಮೇಲೆ ಮೀಟಿಂಗ್ ಹಾಲು, ಪರದೆ, ಚಪ್ಪಾಳೆ,
ಪ್ರಮೀಳಾ ಎಂದು ಕೂಗಿ ಕೊಟ್ಟ ಸರ್ಟಿಫಿಕೇಟು.
ಕೊನೆಯ ತಿಂಗಳ ಸ್ಟೈಪೆಂಡಿಗೆ ಅಕೌಂಟ್ಸಿಗೆ ನಾನೇ ಮೂರು ಸಲ ಹೋದೆ.
ಬ್ರಷ್ಷನ್ನು ಬಿಟ್ಟು ಹೋಗಿದ್ದಾಳೆ,
ಬೇಕಂತಲೋ, ಮರೆತೋ.

ಮರುದಿನ ಒಂದೂವರೆಗೆ
ಹಾಲೇಶಪ್ಪ ವಾಲ್ವು ತಿರುಗಿಸಿ ಬಂದು ಕೂತ.
ಕಂಪ್ರೆಸರ್ ಒಮ್ಮೆ ನಿಟ್ಟುಸಿರಿಟ್ಟು ನಿಂತಿತು.
ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು.
ಭದ್ರಾವತಿ ಕಡೆ ಹೋಗುವ ರೈಲು ಕೇಳಿಸಿತು,
ಇಷ್ಟು ಹತ್ತಿರ ಹಳಿ ಇದೆಯೆಂದೇ ಮರೆತಿದ್ದೆ.
ಆಮೇಲೆ ಹಾಲೇಶಪ್ಪನ ಕೆಮ್ಮು.

ಎಲ್ಲರೂ ಕೆಮ್ಮುವ ಕೆಮ್ಮಲ್ಲ.
ಎದೆಯ ತಳದಲ್ಲಿ ಯಾರೋ ಮರಳು ಜರಡಿ ಆಡಿದ ಹಾಗೆ,
ನಿಲ್ಲುತ್ತದೆ ಅನ್ನುವಾಗ ಇನ್ನೊಂದು ಸುತ್ತು.
'ಯಾವಾಗಿಂದ ಹಾಲೇಶಪ್ಪ?'
ರೊಟ್ಟಿ ಮುರಿಯುತ್ತಲೇ ಅಂದ:
'ಮೊದಲಿಂದ ಹಾಗೇ ಇದೆ.'

ಮುಂದಿನ ವರ್ಷದ ಫೆಲೋಗೆ ವಿಷಯ ಸೂಚಿಸಲು
ಒಂದು ಫಾರಂ ಬಂದಿತ್ತು, ಮೂರೇ ಸಾಲಿನ ಜಾಗ.
ಒಂದೇ ಸಾಲು ಬರೆದೆ: ಶೆಡ್ಡಿನ ಧೂಳು, ನಮ್ಮವರ ಎದೆ.
'ಇದು ಸುಸ್ಥಿರತೆ ಅಡಿಯಲ್ಲಿ ಬರುತ್ತಾ ಪಾಲಾಕ್ಷಪ್ಪ?'
ಮ್ಯಾನೇಜರು ನಿಜವಾಗಿಯೂ ಕೇಳುತ್ತಿದ್ದರು.
ಕಿಟಕಿಯಾಚೆ ಹಾಲೇಶಪ್ಪ ವಾಲ್ವಿನ ಕಡೆ ಹೊರಟಿದ್ದ.
'ಒಂದು ನಿಮಿಷ ತಡೀರಿ ಸಾರ್' ಅಂದೆ,
'ಈಗ ಕೇಳಿಸುತ್ತೆ.'